ಬಿಳಿ ಗವಸಿನ ಲವೋನಿಯಾ

ಲವೋನಿಯಾ ಟಾಲಿವರ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅವಳ ಮನೆತನದ ಹೆಸರು ಕೇಳಿದವರು ಅವಳನ್ನು ಸಾಧು ಹೆಂಗಸು ಎಂದುಕೊಂಡು ಮೋಸ ಹೋಗುತ್ತಾರೆ.

ಅವಳ ಅಜ್ಜಿ ಆರ್ಜುಲಾ ಅರವತ್ತಮೂರನೆಯ ಇಸವಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಬೇಕೆಂದು ಆಶ್‌ಬಿ ಕೌಂಟಿಯ ಕಚೇರಿ ಮೆಟ್ಟಿಲ ಮೇಲೆ ಕೂತು, ಹದಿನೇಳು ದಿನ ಜೈಲಿನಲ್ಲಿದ್ದು ಬಂದವಳು. ಲಾಠಿ ಏಟಿಗೆ ಮುರಿದ ಅವಳ ಎಡ ಮೊಣಕೈ ಸಾಯುವವರೆಗೂ ನೆಟ್ಟಗಾಗಲಿಲ್ಲ. ಆ ಕೈಯಲ್ಲಿ ಅವಳು ಒಬ್ಬರ ಮೇಲೂ ಬೆರಳೆತ್ತಲಿಲ್ಲ. ಅಲಬಾಮಾದ ನಮ್ಮ ಸ್ಯಾಂಡ್ ಹಿಲ್‌ನಲ್ಲಿ ಯಾವ ಮನೆಗೆ ಹೋದರೂ ಆರ್ಜುಲಾಳ ಹೆಸರು ಎತ್ತಿದ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅಂಥವಳ ಮೊಮ್ಮಗಳು ಹದಿನಾಲ್ಕನೆಯ ವಯಸ್ಸಿಗೆ ಚರ್ಚಿನ ಹಿರಿಯರೊಬ್ಬರ ಕೆನ್ನೆಗೆ ಬಾರಿಸಿದಳು. ಅದೂ ಚರ್ಚಿನೊಳಗೇ, ಅಜ್ಜಿಯ ಎದುರಿಗೇ.

ಅದು ಆದದ್ದು ಹೀಗೆ. ಅರವತ್ತೈದರಲ್ಲಿ ಕಾನೂನು ಬಂದು ಕಪ್ಪು ಜನರಿಗೆ ಮತ ಹಾಕಲು ದಾರಿಯಾದ ಮೇಲೆ ಉಳಿದ ಊರುಗಳಲ್ಲಿ ತಾಲೀಮು ನಿಂತುಹೋಯಿತು. ತಾಲೀಮು ಎಂದರೆ, ಪೆಟ್ಟು ತಿಂದರೂ ತಿರುಗಿ ಕೊಡದೆ ಕೂರುವುದನ್ನು ಕಲಿಯುವ ಪಾಠ. ಆರ್ಜುಲಾ ಮಾತ್ರ ಅದನ್ನು ನಿಲ್ಲಿಸಲಿಲ್ಲ. ಪ್ರತಿ ಬೇಸಿಗೆಯಲ್ಲೂ ಆರು ಶನಿವಾರ ಮೌಂಟ್ ನೀಬೋ ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕುರ್ಚಿಯ ಮೇಲೆ ಸಾಲಾಗಿ ಕೂರಿಸುತ್ತಿದ್ದಳು. ಬಾಗಿಲಲ್ಲೊಂದು ಬುಟ್ಟಿ. ಜೇಬಿನಲ್ಲಿ ಚೂಪಾದದ್ದು, ಗಟ್ಟಿಯಾದದ್ದು ಏನಿದ್ದರೂ ಅದರಲ್ಲಿ ಹಾಕಿಯೇ ಒಳಗೆ ಬರಬೇಕು. ಆಮೇಲೆ ದೊಡ್ಡವರು ಶೆರಿಫನ ಪೊಲೀಸರ ವೇಷ ಹಾಕಿ ಬಂದು ಮಕ್ಕಳ ಕುರ್ಚಿ ಎಳೆಯುತ್ತಿದ್ದರು, ತಲೆಗೆ ಮೈದಾಹಿಟ್ಟು ಸುರಿಯುತ್ತಿದ್ದರು, ಕಿವಿಯಲ್ಲಿ ಕೇಳಬಾರದ್ದನ್ನು ಕೂಗುತ್ತಿದ್ದರು. ಕೂತವರು ಅಲುಗಾಡುವಂತಿಲ್ಲ.

ಆ ಶನಿವಾರ ಶೆರಿಫ್ ಆದವರು ಡೀಕನ್ ಹೊಸಿಯಾ ಪ್ರೂಯಿಟ್. ಜೇನು ಸಾಕಿ ಮಾರುವ ಮನುಷ್ಯ, ಜೇನುಹುಳಕ್ಕೂ ಬೈದವರಲ್ಲ. ಆದರೆ ತಾಲೀಮಿನಲ್ಲಿ ಅವರ ಬಾಯಿ ಬೇರೆಯೇ ಆಗುತ್ತಿತ್ತು. ಲವೋನಿಯಾಳ ತಲೆಗೆ ಹಿಟ್ಟು ಸುರಿದು, ಅವಳ ತಾಯಿಯ ಬಗ್ಗೆ ಏನೋ ಒಂದು ಅಂದರು. ಮಾತು ಮುಗಿಯುವ ಮೊದಲೇ ಚಟಾರನೆ ಸದ್ದಾಯಿತು.

ಡೀಕನ್ ಕೆನ್ನೆ ಹಿಡಿದುಕೊಂಡು ನಿಂತರು. ಲವೋನಿಯಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಜ್ಜಿ, ನಾನು ಮನೆಗೆ ಹೋಗ್ತೀನಿ."

"ಯಾಕೆ, ಮನೇಲೇನಾದ್ರೂ ಒಲೆ ಮೇಲಿಟ್ಟು ಬಂದಿದ್ಯಾ?" ಎಂದಳು ಆರ್ಜುಲಾ. "ಕೂತ್ಕೋ. ಹೊಸಿಯಾ, ಇನ್ನೊಂದ್ಸಲ ಅದನ್ನೇ ಅನ್ನಪ್ಪ."

"ಕಾನೂನು ಬಂದು ಇಪ್ಪತ್ತು ವರ್ಷದ ಮೇಲಾಯ್ತಲ್ಲಜ್ಜಿ. ಇನ್ನೂ ಯಾಕಿದೆಲ್ಲ?"

"ಬಂದಿದ್ದು ನಂಗೂ ಗೊತ್ತು. ಬರ್ದೋರೇ ಹರಿದು ಹಾಕ್ಬೋದು ಅನ್ನೋದೂ ಗೊತ್ತು. ಕೂತ್ಕೋ."

ಆ ದಿನ ಡೀಕನ್ ಅದನ್ನು ಹತ್ತೊಂಬತ್ತು ಸಲ ಅಂದರು. ಕೊನೆಕೊನೆಗೆ ಅವರ ಕಣ್ಣಲ್ಲೇ ನೀರು ಬಂತು. ಲವೋನಿಯಾ ಮುಷ್ಟಿ ಬಿಗಿದು, ಹಲ್ಲು ಕಚ್ಚಿ ಕೂತಿದ್ದಳು. ಅಜ್ಜಿ ಆ ಮುಷ್ಟಿಗಳನ್ನು ನೋಡಿದಳು. ಮರುದಿನ ಭಾನುವಾರ, ಆರಾಧನೆಗೆ ಮುಂಚೆ ಮೊಮ್ಮಗಳ ಮಡಿಲಿಗೆ ಒಂದು ಜೊತೆ ಬಿಳಿ ಹತ್ತಿಯ ಗವಸು ಹಾಕಿದಳು.

"ನಿನ್ನ ನಾಲಿಗೆ ಸರಿಯಾಗೇ ಇದೆ, ಕೈಗೇ ಕೆಲಸ ಕಡಿಮೆ. ಇವತ್ತಿಂದ ಅಶರ್‌ಗಳ ಜೊತೆ ನಿಲ್ಲು."

ಚರ್ಚಿಗೆ ಬಂದವರನ್ನು ಜಾಗ ತೋರಿಸಿ ಕೂರಿಸುವ ಅಶರ್‌ಗಳ ಕೆಲಸವನ್ನು ನೀವು ಹಗುರವಾಗಿ ಕಾಣಬೇಡಿ. ನಮ್ಮ ಚರ್ಚಿನಲ್ಲಿ ಪಾದ್ರಿ ರೆವರೆಂಡರಿಗಿಂತ ಜನ ಹೆಚ್ಚು ಹೆದರುವುದು ಅಶರ್‌ಗಳಿಗೆ. ಪ್ರಾರ್ಥನೆ ನಡೆಯುವಾಗ ಅವರು ಬಾಯಿ ಬಿಡುವಂತಿಲ್ಲ. ಎಲ್ಲವೂ ಕೈಸನ್ನೆಯಲ್ಲೇ. ಅಂಗೈ ಮೇಲೆತ್ತಿದರೆ ಸಾಲು ಏಳಬೇಕು. ಎರಡು ಬೆರಳು ಎದೆಗೆ ಒತ್ತಿದರೆ ಬಾಗಿಲು ಮುಚ್ಚಬೇಕು. ಎಡಗೈ ಬೆನ್ನಿಗೆ ಮಡಚಿ, ಬಲಗೈಯನ್ನು ಸೊಂಟದ ಮಟ್ಟದಲ್ಲಿ ಚಾಚಿದರೆ, ಅಡ್ಡಾಡಿದ್ದು ಸಾಕು, ನಿನ್ನ ಜಾಗ ಇಲ್ಲಿದೆ, ಕೂತುಕೋ ಎಂದರ್ಥ. ಹೊಡೆಯಲು ಹವಣಿಸುತ್ತಿದ್ದ ಆ ಕೈಗಳು ಹೀಗೆ ಮೂವತ್ತೇಳು ವರ್ಷ ಜನರನ್ನು ಕೂರಿಸಿದವು. ಕೋಪ ಎಲ್ಲಿಗೂ ಹೋಗಲಿಲ್ಲ, ಗವಸು ತೊಟ್ಟುಕೊಂಡಿತು ಅಷ್ಟೆ. ವಾರದ ಉಳಿದ ದಿನಗಳಲ್ಲಿ ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ಅವಳ ಬಸ್ಸಿನಲ್ಲಿ ಒಂದು ಮಗುವೂ ಸೀಟಿನಿಂದ ಏಳುತ್ತಿರಲಿಲ್ಲ.

ಈ ಅಜ್ಜಿ, ಮೊಮ್ಮಗಳ ನಡುವೆ ಒಬ್ಬಳು ಎರ್ನೆಸ್ಟೀನ್ ಇದ್ದಳು. ಆರ್ಜುಲಾಳ ಮಗಳು, ಲವೋನಿಯಾಳ ತಾಯಿ. ನರ್ಸುಗಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು. ತಾಲೀಮಿನ ಶನಿವಾರಗಳಲ್ಲಿ ಅವಳು ರೇಡಿಯೊ ಜೋರಾಗಿ ಹಾಕಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನೆಲಮಾಳಿಗೆಯ ಮೆಟ್ಟಿಲನ್ನು ಒಂದು ಸಲವೂ ಇಳಿಯಲಿಲ್ಲ. ಅಮ್ಮ ಜೈಲಿನಲ್ಲಿದ್ದ ಆ ಹದಿನೇಳು ದಿನ, ಹನ್ನೊಂದು ವರ್ಷದ ಎರ್ನೆಸ್ಟೀನ್ ಚಿಕ್ಕಮ್ಮನ ಮನೆಯಲ್ಲಿ ಅವರಿವರು ಕೊಟ್ಟದ್ದನ್ನು ತಿಂದು ದಿನ ಕಳೆದಳು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳ ಮುನಿಸಿಗೆ ಅದೇ ಕಾರಣ ಎಂದು ಎಲ್ಲರೂ ತಿಳಿದಿದ್ದರು, ಲವೋನಿಯಾ ಕೂಡ.

"ಅಮ್ಮ, ನೀನೊಂದ್ಸಲ ಬಂದು ನೋಡ್ಬಾರ್ದಾ?" ಎಂದು ಚಿಕ್ಕವಳಿದ್ದಾಗ ಲವೋನಿಯಾ ಕೇಳುತ್ತಿದ್ದಳು.

"ನಿಮ್ಮಜ್ಜಿ ಊರಿಗೆಲ್ಲಾ ಅಮ್ಮ ಆಗಿದ್ದಾಳೆ. ಮನೇಲೂ ಒಬ್ಳು ಬೇಡ್ವಾ? ಆ ಕಾಲರ್ ಇತ್ಲಾಗ್ ಕೊಡು."

ಅಜ್ಜಿ ತೀರಿಕೊಂಡ ಮೇಲೂ ಇದು ಬದಲಾಗಲಿಲ್ಲ. ತಾಲೀಮಿನ ಕುರ್ಚಿಗಳು ಲವೋನಿಯಾಳ ಪಾಲಿಗೆ ಬಂದವು. ಬರುವ ಮಕ್ಕಳು ಇಪ್ಪತ್ತರಿಂದ ಹತ್ತಾದರು, ಹತ್ತರಿಂದ ನಾಲ್ಕಾದರು. ಒಂದು ಬೇಸಿಗೆ ಒಬ್ಬರೂ ಬರಲಿಲ್ಲ. ಅವಳು ಆರೂ ಶನಿವಾರ ಹೋಗಿ, ಕುರ್ಚಿ ಹಾಕಿ, ಕಾದು, ಕುರ್ಚಿ ಮಡಚಿಟ್ಟು ಬಂದಳು. ಹುಚ್ಚು ಹೆಂಗಸು ಎಂದು ಜನ ನಕ್ಕರು. ಅವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ.

ನಗು ನಿಂತದ್ದು ಮೊನ್ನೆ ಮೊನ್ನೆ, ಮತಗಟ್ಟೆಯ ವಿಷಯ ಬಂದಾಗ.

ಸ್ಯಾಂಡ್ ಹಿಲ್‌ನವರು ಐವತ್ತೆಂಟು ವರ್ಷಗಳಿಂದ ಮತ ಹಾಕುತ್ತಿದ್ದದ್ದು ಮೌಂಟ್ ನೀಬೋ ಚರ್ಚಿನ ಹಿಂದಿರುವ ಹಾಲ್‌ನಲ್ಲಿ. ಅದನ್ನು ಮುಚ್ಚಿ, ಹದಿನಾರು ಮೈಲಿ ದೂರದ ಕೌಂಟಿ ಪಟ್ಟಣಕ್ಕೆ, ಶೆರಿಫನ ಕಚೇರಿಯ ಪಕ್ಕದ ಕಟ್ಟಡಕ್ಕೆ ಮತಗಟ್ಟೆ ಸಾಗಿಸಬೇಕೆಂದು ಕೌಂಟಿಯ ಆಡಳಿತ ಸಮಿತಿ ಹೊರಟಿತು. ನಮ್ಮಲ್ಲಿ ಬಸ್ಸಿಲ್ಲ. ಅರ್ಧ ಮನೆಗಳಲ್ಲಿ ಕಾರಿಲ್ಲ. ಡಯಾಲಿಸಿಸ್‌ಗೆ ಹೋಗಲೇ ಪಕ್ಕದ ಮನೆಯವರ ಕಾಲು ಹಿಡಿಯುವ ಮುದುಕರು ಮತ ಹಾಕಲು ಹದಿನಾರು ಮೈಲಿ ಹೋಗುತ್ತಾರೆಯೇ? ಹೋಗುವುದಿಲ್ಲ ಎಂಬುದು ಸಮಿತಿಗೂ ಗೊತ್ತು, ಅದಕ್ಕೇ ಸಾಗಿಸುವುದು. ಹೇಳಿದ ಕಾರಣ ಬೇರೆ: ಹಾಲ್‌ನ ಶೌಚಾಲಯದ ಬಾಗಿಲು ಗಾಲಿಕುರ್ಚಿಗೆ ನಾಲ್ಕು ಬೆರಳು ಕಿರಿದಾಯಿತಂತೆ. ನಮ್ಮ ಬಡಗಿಗಳು ಎರಡೇ ದಿನದಲ್ಲಿ ಗೋಡೆ ಒಡೆದು ಬಾಗಿಲು ಅಗಲ ಮಾಡಿದರು. ಆಮೇಲೆ ಕಾರು ನಿಲ್ಲಿಸಲು ಜಾಗ ಸಾಲದಂತೆ. ಕಾರೇ ಇಲ್ಲದ ಊರಿಗೆ.

ಲವೋನಿಯಾ ಮಾರ್ಚಿನಿಂದ ಸಮಿತಿಯ ಪ್ರತಿ ಸಭೆಗೂ ಹೋದಳು. ಅಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಮಾತಾಡಲು ಬಿಡುತ್ತಾರೆ. ಸಮಿತಿಯ ಅಧ್ಯಕ್ಷ ವೆಂಡೆಲ್ ಸ್ಕ್ರಾಗಿನ್ಸ್, ಪೀಠೋಪಕರಣದ ಅಂಗಡಿಯವನು, ಎದುರಿಗೆ ಗಡಿಯಾರ ಇಟ್ಟುಕೊಂಡು ನಗುನಗುತ್ತಾ ಕೇಳುತ್ತಿದ್ದ.

"ಮಿಸ್ ಲವೋನಿಯಾ, ನೀವು ಎಷ್ಟು ಚೆನ್ನಾಗಿ ಮಾತಾಡ್ತೀರಿ. ಟೈಮ್ ಆಯ್ತು."

ಅವನ ಆ ನಗುವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೇ ತಿಂಗಳಲ್ಲಿ ಹಿಂದಿನ ಸಾಲಿನವರು ಗೊಣಗಿದರೆಂದು ಅವನು ಹೊಸ ನಿಯಮವೊಂದನ್ನು ಮಾಡಿಸಿದ: ಅಪ್ಪಣೆ ಇಲ್ಲದೆ ಯಾರಾದರೂ ಮಾತಾಡುತ್ತಿದ್ದರೆ ಸಭೆ ಅಲ್ಲಿಗೇ ನಿಲ್ಲಬೇಕು, ಸದ್ದಡಗುವವರೆಗೆ ಯಾವ ನಿರ್ಣಯವೂ ಆಗಬಾರದು. ನಮ್ಮ ಬಾಯಿ ಮುಚ್ಚಿಸಲು ಮಾಡಿದ ನಿಯಮ. ಲವೋನಿಯಾ ಅದನ್ನು ಅಡಿಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಮೂರು ಸಲ ಓದಿದಳು. ಕೌಂಟಿಯ ಇನ್ನೊಂದು ನಿಯಮವೂ ಅವಳಿಗೆ ಗೊತ್ತಿತ್ತು. ನವೆಂಬರಿನ ಚುನಾವಣೆಗೆ ಮತಗಟ್ಟೆ ಬದಲಿಸಬೇಕಾದರೆ ಆಗಸ್ಟಿನ ಕೊನೆಯ ಸೋಮವಾರ ಸಂಜೆ ಐದರೊಳಗೆ, ಕಚೇರಿ ಮುಚ್ಚುವ ಮೊದಲು, ನಿರ್ಣಯ ಆಗಬೇಕು.

ಬುಧವಾರದ ಪ್ರಾರ್ಥನಾ ಕೂಟದಲ್ಲಿ ಅವಳು ಎದ್ದು ನಿಂತಳು.

"ಸ್ಯಾಂಡ್ ಹಿಲ್ ಪಟ್ಟಿಯಲ್ಲಿ ನಾನೂರ ಹನ್ನೆರಡು ಹೆಸರಿದೆ. ಆ ಸೋಮವಾರ ಹೋಗಿ ಕೂರೋಣ. ನಿರ್ಣಯ ಅಂತ ಬಾಯಿ ಬಿಟ್ಟ ತಕ್ಷಣ ನಮ್ಮ ಹೆಸರುಗಳನ್ನ ಓದೋಣ, ಒಬ್ಬರಾದ ಮೇಲೆ ಒಬ್ಬರು. ಒಬ್ಬರನ್ನ ಎತ್ಕೊಂಡು ಹೋದ್ರೆ ಪಕ್ಕದವರು ಮುಂದುವರ್ಸೋದು. ಐದು ಗಂಟೆವರೆಗೆ."

"ಸಿಸ್ಟರ್ ಟಾಲಿವರ್," ಎಂದರು ರೆವರೆಂಡರು, "ನಿಮ್ಮನ್ನ ಅರೆಸ್ಟ್ ಮಾಡಿದ್ರೆ ಮಕ್ಕಳ ಬಸ್ಸು ಓಡಿಸೋಕೆ ಬಿಡಲ್ವಲ್ಲ."

"ಬಿಡಲ್ಲ."

"ಪಿಂಚಣಿಗೆ ಎರಡೇ ವರ್ಷ ಅಲ್ವಾ ಇರೋದು?"

"ಲೆಕ್ಕ ನಂಗೂ ಬರುತ್ತೆ ರೆವರೆಂಡ್."

ಆ ಕೆಲಸ ಆಮೇಲೆ ಹೋಯಿತು. ಇದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಅವಳ ಮುಂದೆ ಯಾರೂ ಇದಕ್ಕೆ ಮರುಕಪಟ್ಟು ಬದುಕಿಲ್ಲ. ಈಗ ಅವಳು ಚರ್ಚಿನ ವ್ಯಾನ್ ಓಡಿಸುತ್ತಾಳೆ, ಅದರಲ್ಲೂ ಯಾರೂ ಸೀಟಿನಿಂದ ಏಳುವುದಿಲ್ಲ.

ಮೂರು ಶನಿವಾರ ತಾಲೀಮು ನಡೆಯಿತು. ನೆಲಮಾಳಿಗೆ ಮತ್ತೆ ತುಂಬಿತು. ಪೊಲೀಸ್ ಆಗಲು ಮಾತ್ರ ಯಾರೂ ಒಪ್ಪಲಿಲ್ಲ, ಹಳಬರೆಲ್ಲ ಮಣ್ಣು ಸೇರಿದ್ದರು. ಕೊನೆಗೆ ಲವೋನಿಯಾಳೇ ಆದಳು. ಹಿಟ್ಟು ಸುರಿದಳು, ಕುರ್ಚಿ ಎಳೆದಳು, ಒಬ್ಬೊಬ್ಬರ ಮರ್ಮ ಹುಡುಕಿ ತಿವಿದಳು. ಅಂಚೆ ಕಚೇರಿಯ ಒಡೆಲ್ ಗಳಗಳ ಅತ್ತುಬಿಟ್ಟ.

"ಇಷ್ಟು ಕೆಟ್ಟದಾಗಿ ಬೈಯೋದನ್ನ ಎಲ್ಲಿ ಕಲ್ತೆ ತಾಯಿ?" ಎಂದ, ಮೂಗು ಒರೆಸಿಕೊಳ್ಳುತ್ತಾ.

"ಬಾಯಲ್ಲಿ ಆಡಿದ್ದು ಇವತ್ತೇ ಮೊದಲು. ಮನಸ್ಸಲ್ಲಿ ದಿನಾ ಅಭ್ಯಾಸ ಇದೆ."

ಆ ಸೋಮವಾರ ಬೆಳಿಗ್ಗೆ ಲವೋನಿಯಾ ಮನೆಯಿಂದ ಹೊರಟಾಗ, ವರಾಂಡದಲ್ಲಿ ಅಮ್ಮ ಕೂತಿದ್ದಳು. ಎಪ್ಪತ್ತೆರಡು ವರ್ಷದ ಎರ್ನೆಸ್ಟೀನ್, ಈಸ್ಟರ್‌ಗೆ ಹಾಕುವ ನೇರಳೆ ಟೋಪಿ ಹಾಕಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಎದುರಿಗೆ ಊರಿಕೊಂಡು ನಡೆಯುವ ವಾಕರ್ ನಿಲ್ಲಿಸಿಕೊಂಡು.

"ಕಾರಲ್ಲಿ ಜಾಗ ಇದ್ಯಾ?"

"ನೀನ್ಯಾಕಮ್ಮ? ಅಲ್ಲಿ ಗಲಾಟೆ ಆಗುತ್ತೆ."

"ನೀನು ಊಟ ಮಾಡದೆ ಹೋಗ್ತಿದ್ದೀಯ. ಗೆಣಸಿನ ಪೈ ತಂದಿದ್ದೀನಿ. ಡಬ್ಬಿ ಹಿಡ್ಕೊಂಡು ಹಿಂದೆ ಕೂತಿರ್ತೀನಿ, ನಿನ್ನ ದಾರಿಗೆ ಅಡ್ಡ ಬರಲ್ಲ."

ಅಮ್ಮನ ಸೊಂಟದ ನೋವು, ಆಗಸ್ಟಿನ ಧಗೆ, ಎಲ್ಲವನ್ನೂ ಹೇಳಿ ನೋಡಿದಳು ಲವೋನಿಯಾ. ಎರ್ನೆಸ್ಟೀನ್ ಅಷ್ಟರಲ್ಲಿ ಕಾರಿನ ಬಾಗಿಲ ಹತ್ತಿರ ನಿಂತಿದ್ದಳು. ಪಟ್ಟಣಕ್ಕೆ ಹೊರಡುವ ಮೊದಲು ಎಲ್ಲರೂ ಚರ್ಚಿನಲ್ಲಿ ಸೇರಿದರು; ಬಾಗಿಲಲ್ಲಿ ಬುಟ್ಟಿ ಬಂದಾಗ ಎಲ್ಲರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡವಳು ಅವಳೇ: ಎರಡು ಕತ್ತರಿ, ಸೂಜಿಗಳ ಪೊಟ್ಟಣ, ಒಂದು ಹಿಡಿ ಪಿನ್ನು, ಹೊಲಿಗೆ ಬಿಚ್ಚುವ ಕೊಕ್ಕೆ. ಬುಟ್ಟಿ ಹಿಡಿದವನು ಹಿಂದೆ ಸರಿದ.

"ಮಿಸ್ ಎರ್ನೆಸ್ಟೀನ್, ನೀವೊಬ್ರೇ ಸಾಕಿತ್ತಲ್ರೀ, ನಾವೆಲ್ಲ ಯಾಕೆ?"

"ಸುಮ್ನಿರೋ. ಎಣಿಸಿಟ್ಕೋ, ವಾಪಸ್ ಬೇಕು."

ಕೌಂಟಿ ಕಚೇರಿಯಲ್ಲಿ ಸಭೆ ಎರಡು ಗಂಟೆಗೆ ಆರಂಭವಾಯಿತು. ಮೂವತ್ತೊಂದು ಜನ ಬೆಂಚುಗಳ ತುಂಬ ಕೂತರು. ಲವೋನಿಯಾ ಮುಂದಿನ ಸಾಲಿನಲ್ಲಿ, ಭಾನುವಾರದ ಬಿಳಿ ಉಡುಪು, ಬಿಳಿ ಗವಸು ತೊಟ್ಟು ಕೂತಿದ್ದಳು. ಎರ್ನೆಸ್ಟೀನ್ ಹಿಂದಿನ ಮೂಲೆಯಲ್ಲಿ ಪೈ ಡಬ್ಬಿಯೊಂದಿಗೆ. ಎರಡೆರಡು ನಿಮಿಷದ ಮಾತುಗಳು ಮೂರೂಕಾಲರವರೆಗೆ ನಡೆದವು. ಸ್ಕ್ರಾಗಿನ್ಸ್ ಎಲ್ಲರಿಗೂ ನಕ್ಕು, ಕಾಗದ ಎತ್ತಿಕೊಂಡು "ಈಗ ನಿರ್ಣಯ" ಎಂದ.

ಮೊದಲ ಸಾಲಿನ ತುದಿಯಿಂದ ಒಡೆಲ್ ಎದ್ದು, ಗಂಟಲು ಸರಿಮಾಡಿಕೊಂಡು ಓದಿದ.

"ಅಬರ್ನೇಥಿ, ಕ್ಲೀಯೋ. ಆಲ್ಸ್‌ಟನ್, ಬರ್ನೀಸ್. ಆಲ್ಸ್‌ಟನ್, ಜೂನಿಯಸ್."

ಅಧ್ಯಕ್ಷ ಮರದ ಸುತ್ತಿಗೆಯಿಂದ ಮೇಜು ಕುಟ್ಟಿದ. ಒಡೆಲ್ ಓದಿದ. ಅವನನ್ನು ಶೆರಿಫನ ಕೈಕೆಳಗಿನ ಇಬ್ಬರು ಪೊಲೀಸರು, ಡೆಪ್ಯುಟಿಗಳು, ಎತ್ತಿದಾಗ, ತಾಲೀಮಿನಲ್ಲಿ ಕಲಿತಂತೆ ಅವನು ಮೈಯನ್ನೆಲ್ಲ ಸಡಿಲ ಬಿಟ್ಟ. ಒಡೆಲ್ ಸಣ್ಣ ಮನುಷ್ಯನಲ್ಲ. ಅವನನ್ನು ಬಾಗಿಲು ದಾಟಿಸುವಷ್ಟರಲ್ಲಿ ಇಬ್ಬರಿಗೂ ಬೆವರು ಕಿತ್ತುಕೊಂಡಿತು. ಅಷ್ಟರಲ್ಲಿ ಪಕ್ಕದವಳು ಬಿ ಅಕ್ಷರಕ್ಕೆ ಬಂದಿದ್ದಳು. ಸದ್ದು ನಿಲ್ಲದೆ ನಿರ್ಣಯ ಇಲ್ಲ. ಸಮಿತಿಯ ಗುಮಾಸ್ತೆ, ಬಿಳಿ ಹೆಂಗಸು, ನಿಯಮದ ಪುಸ್ತಕ ತೆಗೆದು ಅಧ್ಯಕ್ಷನ ಮುಂದೆ ತೋರಿಸಿದಳು. ಅದರ ಕೆಳಗೆ ಅವನದೇ ರುಜು.

ನಾಲ್ಕೂ ಇಪ್ಪತ್ತಕ್ಕೆ ಮುಕ್ಕಾಲು ಜನ ಹೊರಗೆ ಹೋಗಿದ್ದರು. ಪಟ್ಟಿ ಲವೋನಿಯಾಳ ಕೈಗೆ ಬಂತು. ಅವಳನ್ನು ಎಬ್ಬಿಸಲು ಬಂದವನು ಕಾರ್ಲ್‌ಟನ್ ಬೈರ್ಡ್. ನಮ್ಮ ಊರಿನವನೇ, ಇಲಾಖೆಯಲ್ಲಿದ್ದ ಒಬ್ಬನೇ ಕಪ್ಪು ಡೆಪ್ಯುಟಿ. ಎಂಟನೆಯ ವಯಸ್ಸಿನಿಂದ ಹದಿನೇಳರವರೆಗೆ ಮೌಂಟ್ ನೀಬೋದ ಮಕ್ಕಳ ಅಶರ್ ಸಾಲಿನಲ್ಲಿ ಲವೋನಿಯಾಳ ಕೈಕೆಳಗೆ ಪಳಗಿದವನು.

"ಮಿಸ್ ಲವೋನಿಯಾ, ದಯವಿಟ್ಟು ಏಳಿ," ಎಂದ, ತಗ್ಗಿದ ದನಿಯಲ್ಲಿ.

ಲವೋನಿಯಾ ತೊಡೆಯ ಮೇಲಿಟ್ಟುಕೊಂಡಿದ್ದ ಪಟ್ಟಿಯಿಂದ ತಲೆ ಎತ್ತಲಿಲ್ಲ. ಹೆಸರು ಓದುವುದು ಅವಳಿಗೆ ಆ ಹೊತ್ತಿನಲ್ಲಿ ಪ್ರಾರ್ಥನೆಯೇ ಆಗಿತ್ತು. ಪ್ರಾರ್ಥನೆಯ ನಡುವೆ ಯಾರೋ ದಾರಿಗೆ ಅಡ್ಡ ನಿಂತಿದ್ದಾರೆ. ಮೂವತ್ತೇಳು ವರ್ಷದ ರೂಢಿ, ಅವಳ ಅರಿವಿಗೆ ಬರುವ ಮೊದಲೇ ಎಡಗೈ ಬೆನ್ನಿಗೆ ಹೋಯಿತು, ಬಲಗೈ ಸೊಂಟದ ಮಟ್ಟದಲ್ಲಿ ಚಾಚಿಕೊಂಡಿತು.

ಕಾರ್ಲ್‌ಟನ್ ಕೂತುಬಿಟ್ಟ.

ಯೋಚಿಸಿ ಕೂತದ್ದಲ್ಲ. ಆರಡಿ ಎತ್ತರದ ಆಳು, ಸೊಂಟದಲ್ಲಿ ಪಿಸ್ತೂಲು, ಬಿಳಿ ಗವಸು ಕಂಡೊಡನೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮೊಣಕಾಲು ಜೋಡಿಸಿ, ಅವಳ ಪಕ್ಕದಲ್ಲಿ ನೆಟ್ಟಗೆ ಕೂತ. ಲವೋನಿಯಾ ಎರಡು ಹೆಸರು ಓದಿ ಮುಗಿಸಿದ ಮೇಲೆಯೇ ಇಬ್ಬರಿಗೂ ಆದದ್ದೇನೆಂದು ತಿಳಿದದ್ದು. ಮೊದಲು ನಕ್ಕವಳು ಗುಮಾಸ್ತೆ, ಪುಸ್ತಕದ ಮರೆಯಲ್ಲಿ. ಆಮೇಲೆ ಉಳಿದಿದ್ದ ಏಳು ಜನವೂ ನಕ್ಕರು.

"ಡೆಪ್ಯುಟಿ ಬೈರ್ಡ್, ಏನ್ ಮಾಡ್ತಿದ್ದೀರಿ?" ಎಂದ ಸ್ಕ್ರಾಗಿನ್ಸ್. ನಗು ಅವನ ಮುಖದಿಂದ ಆ ವರ್ಷ ಮೊದಲ ಸಲ ಮಾಯವಾಗಿತ್ತು.

ಕಾರ್ಲ್‌ಟನ್ ಸುತ್ತ ನೋಡಿದ. "ಕೂತಿದ್ದೀನಿ ಸರ್."

"ಅದು ಕಾಣಿಸ್ತಿದೆ. ಏಳಿ."

ಅವನು ಎದ್ದ. ಏಳದೆ ಇರಲು ಆಗುತ್ತದೆಯೇ, ಅವನಿಗೆ ಇಬ್ಬರು ಮಕ್ಕಳು. ಆದರೆ ಅವನ ಕೈ ಲವೋನಿಯಾಳ ಹತ್ತಿರ ಬಂದು ಹಿಂದೆ ಹೋಯಿತು. ಅಧ್ಯಕ್ಷ ಅವನನ್ನು ಗದರಿ, ಶೆರಿಫನಿಗೆ ಫೋನ್ ಮಾಡಿಸಿ, ಇನ್ನೊಬ್ಬನನ್ನು ಕರೆಸುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆಯಿತು. ಅಷ್ಟರಲ್ಲಿ ಇನ್ನೂ ಅರವತ್ತು ಹೆಸರು ಓದಿದ್ದಾಯಿತು.

ಬಂದ ಇನ್ನೊಬ್ಬ ಡೆಪ್ಯುಟಿ ತರುಣ, ಬಿಳಿಯ, ತಣ್ಣನೆಯ ಕಣ್ಣಿನವನು. ಲವೋನಿಯಾಳ ಎಡಗೈಯನ್ನು ಬೆನ್ನ ಹಿಂದಕ್ಕೆ ತಿರುಚಿ, ಬಾಗಿ ಅವಳ ಕಿವಿಯ ಹತ್ತಿರ ಹೇಳಿದ, ಬೇರೆಯವರಿಗೆ ಕೇಳಿಸದಂತೆ.

"ಟಾಲಿವರ್ ಅಲ್ವಾ. ನಿಮ್ಮಜ್ಜಿ ಕೈ ಮುರಿದಿದ್ದು ನಮ್ಮಜ್ಜನಂತೆ. ಮನೇಲಿ ಹೇಳ್ಕೊಂಡು ನಗ್ತಿದ್ರು."

ಅವಳ ಬಲಗೈ ಇನ್ನೂ ಬಿಡುವಾಗಿಯೇ ಇತ್ತು, ಅವನ ಕೆನ್ನೆ ಒಂದು ಗೇಣು ದೂರದಲ್ಲಿತ್ತು. ಗವಸಿನೊಳಗೆ ಬೆರಳುಗಳು ಮಡಚಿಕೊಂಡವು. ಹೊಡೆದಿದ್ದರೆ ಅವನಿಗೆ ಬೇಕಾದದ್ದೇ ಸಿಗುತ್ತಿತ್ತು: ಪೊಲೀಸನ ಮೇಲೆ ಕೈಮಾಡಿದಳು ಎಂಬ ಒಂದು ಸುದ್ದಿ, ಮೂವತ್ತೊಂದು ಜನರ ಆ ದಿನವೇ ಮಣ್ಣುಪಾಲು. ಇದೆಲ್ಲ ಅವಳಿಗೆ ಹೊಳೆಯಿತು ಎಂದರೆ ಸುಳ್ಳಾದೀತು. ಅವಳಿಗೆ ಹೊಡೆಯಬೇಕು ಅನ್ನಿಸಿತು, ಅಷ್ಟೆ. ಅವಳು ಬೆರಳು ಬಿಚ್ಚಿದಳು, ಒಂದೊಂದಾಗಿ. ಪಟ್ಟಿಯಲ್ಲಿ ಇಲ್ಲದ ಹೆಸರೊಂದನ್ನು ಗೋಡೆಗಳಿಗೆ ಕೇಳಿಸುವಂತೆ ಓದಿದಳು.

"ಟಾಲಿವರ್, ಆರ್ಜುಲಾ."

ಆಮೇಲೆ ಮೈ ಸಡಿಲ ಬಿಟ್ಟಳು. ಅವಳನ್ನು ಎಳೆದುಕೊಂಡೇ ಹೋದರು. ಪ್ಲಾಸ್ಟಿಕ್ ಪಟ್ಟಿಯಿಂದ ಕೈ ಬಿಗಿದು, ಹೊರಗಿನ ಓಣಿಯ ಬೆಂಚಿನ ಮೇಲೆ ಉಳಿದವರ ಜೊತೆ ಕೂರಿಸಿದರು. ಕಾರ್ಲ್‌ಟನ್ ಅಲ್ಲೇ ಕಾವಲಿಗೆ ನಿಂತಿದ್ದ, ಯಾರ ಮುಖವನ್ನೂ ನೋಡದೆ. ಸಭಾಂಗಣದ ಬಾಗಿಲು ತೆರೆದೇ ಇತ್ತು. ಕೊನೆಯ ಏಳು ಜನ ಒಬ್ಬೊಬ್ಬರಾಗಿ ಬಂದರು. ಏಳನೆಯವಳು ಬಂದಾಗ ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ ಇತ್ತು. ಒಳಗೆ ಸದ್ದಡಗಿತು.

ಹನ್ನೆರಡು ನಿಮಿಷ. ನಿರ್ಣಯ ಓದಲು ಎರಡು, ಕೈ ಎತ್ತಲು ಒಂದು. ಲವೋನಿಯಾ ಬೆಂಚಿನ ಮೇಲೆ ಕಣ್ಣು ಮುಚ್ಚಿದಳು. ಅಜ್ಜಿಯಾಗಿದ್ದರೆ ಇನ್ನೂ ಹತ್ತು ಜನರನ್ನು ಕರೆತಂದಿರುತ್ತಿದ್ದಳು. ಅಜ್ಜಿಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿರಲಿಲ್ಲ.

"ನಿರ್ಣಯ ಸಂಖ್ಯೆ ನಲವತ್ತು," ಎಂದು ಒಳಗಿನಿಂದ ಸ್ಕ್ರಾಗಿನ್ಸ್ ದನಿ ಕೇಳಿಸಿತು.

"ಟಾಲಿವರ್, ಎರ್ನೆಸ್ಟೀನ್."

ಲವೋನಿಯಾ ಕಣ್ಣು ಬಿಟ್ಟಳು.

"ಅಮ್ಮಾ, ನೀವಿನ್ನೂ ಇಲ್ಲೇ ಇದ್ದೀರಾ," ಎಂದ ಅಧ್ಯಕ್ಷ. ದನಿಯಲ್ಲಿ ಹಳೆಯ ನಯ ಮರಳಿತ್ತು. "ನೀವು ಮಗಳ ಜೊತೆ ಬಂದಿರೋದು, ನಮಗೆ ಗೊತ್ತು. ನಿಮ್ಮನ್ನ ಯಾರೂ ಏನೂ ಮಾಡಲ್ಲ. ನಿಮಗೆ ವಯಸ್ಸಾಗಿದೆ, ಮನೆಗೆ ಹೋಗಿ."

ವಾಕರ್‌ನ ಕಾಲುಗಳು ನೆಲಕ್ಕೆ ತಾಗುವ ಸದ್ದು ಹಿಂದಿನ ಮೂಲೆಯಿಂದ ಮುಂದಕ್ಕೆ ಬಂತು, ನಿಧಾನವಾಗಿ.

"ಅರವತ್ತಮೂರರಲ್ಲಿ ಈ ಕಟ್ಟಡದ ಮೆಟ್ಟಿಲ ಮೇಲೆ ನಮ್ಮಮ್ಮನ ಪಕ್ಕ ನಾನೂ ಕೂತಿದ್ದೆ," ಎಂದಳು ಎರ್ನೆಸ್ಟೀನ್. "ಹನ್ನೊಂದು ವರ್ಷ ನಂಗೆ. ಅವಳನ್ನ ಎತ್ಕೊಂಡು ಹೋದ್ರು. ನಾನೂ ಎರಡು ಕೈ ಚಾಚಿದೆ. ನೀನಿನ್ನೂ ಚಿಕ್ಕವಳು, ಮನೆಗೆ ಹೋಗು ಅಂದ್ರು. ಅಮ್ಮಾನೂ ವ್ಯಾನ್ ಒಳಗಿಂದ ಅದೇ ಅಂದ್ಲು, ಮನೆಗೆ ಹೋಗು ಅಂತ. ಒಂಬತ್ತು ಮೈಲಿ ನಡ್ಕೊಂಡು ಹೋದೆ. ಉಳಿದಿದ್ದು ಯಾರ್ದೋ ಹತ್ತಿ ತುಂಬಿದ್ದ ಲಾರೀಲಿ. ಅರವತ್ತೊಂದು ವರ್ಷ ಅವಳ ಮೇಲೆ ಮುನಿಸ್ಕೊಂಡೇ ಇದ್ದೆ, ನನ್ನ ಬಿಟ್ಟು ಹೋದ್ಲಲ್ಲ ಅಂತ."

ಓಣಿಯಲ್ಲಿ ಮೂವತ್ತು ಜನ ಬಾಗಿಲ ಕಡೆಗೆ ಬಾಗಿ ಕೇಳುತ್ತಿದ್ದರು. ಲವೋನಿಯಾಳ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಐವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದು ಅವಳು ಅಮ್ಮನನ್ನು ತಪ್ಪು ತಿಳಿದಿದ್ದಳು. ಅಜ್ಜಿ ಹೋದದ್ದಕ್ಕಲ್ಲ ಅಮ್ಮನ ಮುನಿಸು. ತನ್ನನ್ನೂ ಕರೆದುಕೊಂಡು ಹೋಗಲಿಲ್ಲ ಎಂದು.

"ಅವತ್ತು ಚಿಕ್ಕವಳು ಅಂದ್ರಿ. ಇವತ್ತು ವಯಸ್ಸಾಯ್ತು ಅಂತೀರಿ," ಎಂದಳು ಎರ್ನೆಸ್ಟೀನ್. "ಸರಿಯಾದ ವಯಸ್ಸು ಯಾವುದು ಅಂತ ಹೇಳ್ಬಿಡಿ ಅಧ್ಯಕ್ಷರೆ. ಗುಮಾಸ್ತೆ ಅಮ್ಮ ಬರ್ಕೊಳ್ಲಿ."

"ಡೆಪ್ಯುಟಿ," ಎಂದ ಸ್ಕ್ರಾಗಿನ್ಸ್.

ತಣ್ಣನೆಯ ಕಣ್ಣಿನವನು ಒಳಗೆ ಎರಡು ಹೆಜ್ಜೆ ಹಾಕಿ ನಿಂತ. ಬಾಗಿಲಲ್ಲಿ ಸ್ಥಳೀಯ ಪತ್ರಿಕೆಯ ಹುಡುಗಿ ಕ್ಯಾಮೆರಾ ಎತ್ತಿ ಹಿಡಿದಿದ್ದಳು. ವಾಕರ್ ಹಿಡಿದ ಮುದುಕಿ, ನೇರಳೆ ಟೋಪಿ. ಅವನು ಹಿಂದಿರುಗಿ ಕಾರ್ಲ್‌ಟನ್‌ನನ್ನು ನೋಡಿದ. ಕಾರ್ಲ್‌ಟನ್ ಓಣಿಯ ಎದುರು ಗೋಡೆಯನ್ನು ನೋಡುತ್ತಿದ್ದ.

"ಅವಸರ ಏನಿಲ್ಲ," ಎಂದಳು ಎರ್ನೆಸ್ಟೀನ್. "ನನ್ನ ಹತ್ರ ಪಟ್ಟಿ ಇಲ್ಲ, ನೆನಪಲ್ಲಿರೋದನ್ನೇ ಹೇಳ್ತೀನಿ. ನಮ್ಮ ಬೀದಿಯಿಂದ ಶುರು ಮಾಡ್ಲಾ?"

ಅವಳು ಬೀದಿಯಿಂದಲೇ ಶುರು ಮಾಡಿದಳು. ಮನೆಮನೆಗೂ ನಿಂತು ಹೇಳಿದಳು. ಯಾರ ಮನೆಗೆ ಮದುವೆಯ ಉಡುಪು ಹೊಲಿದುಕೊಟ್ಟಿದ್ದಳು, ಯಾರ ಶವಕ್ಕೆ ಕೊನೆಯ ಕೋಟು ಹೊಲಿದಿದ್ದಳು, ಎಲ್ಲವೂ ಬಂತು. ಅಧ್ಯಕ್ಷ ಕುಟ್ಟುತ್ತಲೇ ಇದ್ದ. ಮೂಲೆಯ ಮನೆಗೆ ಬರುವಷ್ಟರಲ್ಲಿ ಕಚೇರಿಯ ಗಂಟೆ ಐದು ಹೊಡೆಯಿತು. ಗುಮಾಸ್ತೆ ಪುಸ್ತಕ ಮುಚ್ಚಿದಳು, ಆ ಸದ್ದು ಓಣಿಯವರೆಗೂ ಕೇಳಿಸಿತು. ಬೆಂಚಿನ ಮೇಲೆ ಒಡೆಲ್ ಕಾಲು ಕುಟ್ಟಲಾರಂಭಿಸಿದ, ಆಮೇಲೆ ಎಲ್ಲರೂ ಕುಟ್ಟಿದರು.

"ಸಭೆ ಮುಗೀತು," ಎಂದ ಸ್ಕ್ರಾಗಿನ್ಸ್. ದನಿ ಬತ್ತಿಹೋಗಿತ್ತು. "ಹೋಗಿ ಅಮ್ಮ. ಈಗಲಾದ್ರೂ ಮನೆಗೆ ಹೋಗಿ."

"ಹೋಗಲ್ಲ. ಕೈ ಚಾಚಿದ್ದೀನಿ, ಕಾಣ್ತಿಲ್ವಾ?"

ಆಗ ಕಾರ್ಲ್‌ಟನ್ ಬೈರ್ಡ್ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದ. ಒಂದು ಪ್ಲಾಸ್ಟಿಕ್ ಪಟ್ಟಿ ತೆಗೆದು, ಆ ಎರಡು ಮುದಿ ಮಣಿಕಟ್ಟುಗಳಿಗೆ ಸುತ್ತಿದ.

"ಬಿಗಿ ಆಯ್ತಾ ಮಿಸ್ ಎರ್ನೆಸ್ಟೀನ್?"

"ಸಡಿಲ ಆಯ್ತು. ಸರಿಯಾಗಿ ಕಟ್ಟು."

ಅವಳ ವಾಕರ್ ಅನ್ನು ಅವನು ಒಂದು ಕೈಯಲ್ಲಿ ಹಿಡಿದ, ಅವಳ ತೋಳನ್ನು ಇನ್ನೊಂದರಲ್ಲಿ. ಎರ್ನೆಸ್ಟೀನ್ ಟಾಲಿವರ್ ಟೋಪಿ ಸ್ವಲ್ಪವೂ ವಾಲದಂತೆ ಓಣಿಗೆ ನಡೆದು ಬಂದಳು, ಬೆಂಚಿನ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಮಗಳ ಎದುರು ನಿಂತಳು.

"ಏನ್ ನೋಡ್ತಿದ್ದೀಯ? ಸರ್ಕೋ," ಎಂದಳು. "ನಂಗೂ ಜಾಗ ಬೇಕು."